ಗಲ್ಫ್‌ನಿಂದ ಮಸಾಯಿ ಮಾರಾಗೆ ಹೊರಟವರೇ, ಅಡ್ವಾನ್ಸ್ ಕಳಿಸುವ ಮೊದಲು ಇದನ್ನು ಓದಿ

ಸೌದಿಯಲ್ಲಿ ದುಡಿಯುವ ನಮ್ಮವರಲ್ಲಿ ಕ್ಯಾಮೆರಾ ಹುಚ್ಚು ಇರುವವರು ಬಹಳ ಜನ. ರಜೆಗೆ ಊರಿಗೆ ಹೋಗುವಾಗ ಕೀನ್ಯಾ ಮೂಲಕ ಹೋಗೋಣ, ಅಲ್ಲಿನ ಮಸಾಯಿ ಮಾರಾ ವನ್ಯಜೀವಿಧಾಮದಲ್ಲಿ ಫೋಟೋ ತೆಗೆಯೋಣ ಎಂದು ವರ್ಷಗಟ್ಟಲೆ ದುಡ್ಡು ಕೂಡಿಡುತ್ತಾರೆ. ನಾನೂ ಹಾಗೇ ಕೂಡಿಟ್ಟಿದ್ದೆ. ಕಳೆದ ಆಗಸ್ಟ್‌ನಲ್ಲಿ ಹೋಗಿ ಬಂದೆ. ಒಂದು ಸಫಾರಿ ಕಂಪನಿ ನನ್ನಿಂದ ಹೇಗೆ ಹಣ ಎಳೆಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಅವರು ಹುಡುಕುವುದೇ ನಮ್ಮಂಥವರನ್ನು.

ವಾಟ್ಸಾಪ್‌ನಲ್ಲಿ ಮಾತು ಶುರುವಾದಾಗ ಅವರು ಮೊದಲು ಕೇಳಿದ್ದು ಯಾವ ಲೆನ್ಸ್ ಇದೆ, ಯಾವ ಪ್ರಾಣಿ ಬೇಕು ಅಂತ ಅಲ್ಲ. ‘ರಜೆ ಯಾವಾಗ? ವಿಮಾನದ ಟಿಕೆಟ್ ಆಯಿತಾ?’ ಅಂತ. ಸೀಟು ಖಾಲಿಯಾಗುತ್ತಿದೆ, ಬೇಗ ಟಿಕೆಟ್ ಮಾಡಿ ಎಂದು ಅವಸರ ಮಾಡಿದರು. ನಮ್ಮ ಸ್ಥಿತಿ ಗೊತ್ತಲ್ವಾ? ಕಫೀಲ್, ಅಂದರೆ ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಮಾಲೀಕ, ರಜೆ ಕೊಟ್ಟ ದಿನಕ್ಕೇ ಹೊರಡಬೇಕು. 200 ರಿಯಾಲ್ ಕಟ್ಟಿ ಎಕ್ಸಿಟ್ ರೀ-ಎಂಟ್ರಿ (ಸೌದಿಯಿಂದ ಹೋಗಿ ವಾಪಸ್ ಬರುವ ವೀಸಾ) ಮಾಡಿಸಿರುತ್ತೇವೆ. ದಿನಾಂಕ ಬದಲಿಸುವ ಹಾಗಿಲ್ಲ. ಟಿಕೆಟ್ ಪ್ರತಿ ಕಳಿಸಿದ ಮೇಲೆಯೇ ಒಂದೊಂದಾಗಿ ಹೊಸ ಖರ್ಚುಗಳು ಹೊರಬಂದವು.

ದೊಡ್ಡ ಪೆಟ್ಟು ಬಿದ್ದದ್ದು ಪ್ರವೇಶ ಶುಲ್ಕದಲ್ಲಿ. ‘ಪಾರ್ಕ್ ಫೀ ಸೇರಿದೆ’ ಎಂದೇ ಹೇಳಿದ್ದರು. ಮಾರಾದ ಒಳಗೆ ಹೋಗುವ ಸೆಕೆನಾನಿ ಗೇಟಿನ ಹತ್ತಿರ ಗಾಡಿ ನಿಂತಾಗ ಡ್ರೈವರ್ ದಿನಕ್ಕೆ ಇನ್ನೂ 100 ಡಾಲರ್ ಕೇಳಿದ. ಫೋನ್ ಮಾಡಿದರೆ ಕಂಪನಿಯವರು ‘ರೇಟ್ ಈಗ ಜಾಸ್ತಿಯಾಗಿದೆ ಸರ್’ ಎಂದರು. ಸುಳ್ಳು. 2024ರಿಂದಲೇ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್ ಇದೆ. ಕೀನ್ಯಾದಲ್ಲಿ ಸಫಾರಿ ವ್ಯಾಪಾರ ಮಾಡುವವರಿಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ. ಪ್ಯಾಕೇಜ್ ಅಗ್ಗವಾಗಿ ಕಾಣಲಿ ಎಂದು ಆಗಸ್ಟ್ ಪ್ರವಾಸಕ್ಕೆ ಜೂನ್ ದರ ಹಾಕಿದ್ದರು. ಗೇಟಿನ ಮುಂದೆ ನಿಂತವನು ದುಡ್ಡು ಕೊಡದೆ ವಾಪಸ್ ಹೋಗುತ್ತಾನಾ?

ಇನ್ನೊಂದು ಸಂಗತಿ. ಆ ಪ್ರವೇಶದ ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ಅಗ್ಗದ ಕ್ಯಾಂಪ್‌ಗಳು ಸಾಮಾನ್ಯವಾಗಿ ಗೇಟಿನ ಹೊರಗೆ ಇರುತ್ತವೆ. ಅಲ್ಲಿ ಉಳಿದರೆ ಒಳಗೆ ಹೋಗುವ ಪ್ರತಿ ದಿನಕ್ಕೂ ಹೊಸ ಶುಲ್ಕ.

ದುಡ್ಡು ಹೋದದ್ದಕ್ಕಿಂತ ಗಾಡಿಯ ವಿಷಯ ನನಗೆ ಜಾಸ್ತಿ ನೋವು ಕೊಟ್ಟಿತು. ಪಾಪ್-ಅಪ್ (ಮೇಲಕ್ಕೆ ಎತ್ತಬಹುದಾದ) ಛಾವಣಿಯ ಲ್ಯಾಂಡ್ ಕ್ರೂಸರ್, ನಾಲ್ಕೇ ಜನ ಫೋಟೋಗ್ರಾಫರ್‌ಗಳು, ಒಬ್ಬೊಬ್ಬರಿಗೆ ಒಂದು ಸೀಟಿನ ಸಾಲು ಎಂದು ಮಾತು ಕೊಟ್ಟಿದ್ದರು. ಬಂದದ್ದು ಜನ ತುಂಬಿದ ಮಿನಿವ್ಯಾನ್. ಲೆನ್ಸ್ ಅಲುಗದಂತೆ ಕೆಳಗಿಡುವ ಬೀನ್ ಬ್ಯಾಗ್ ಇಡಲೂ ಜಾಗವಿಲ್ಲ. ಒಬ್ಬರು ಕದಲಿದರೆ ಗಾಡಿಯೇ ಅಲುಗುತ್ತದೆ. ಉದ್ದದ ಲೆನ್ಸ್‌ನಲ್ಲಿ ಚಿತ್ರ ಕದಡಿ ಹೋಗುತ್ತದೆ. ಮಾರಾ ನದಿಯ ದಡದಲ್ಲಿ ವೈಲ್ಡ್‌ಬೀಸ್ಟ್ (ದನದಂಥ ದೊಡ್ಡ ಕಾಡುಪ್ರಾಣಿ) ಹಿಂಡು ನದಿ ದಾಟಲು ಸೇರಿತ್ತು. ಅವು ನೀರಿನ ತನಕ ಬರುತ್ತವೆ, ಹೆದರಿ ಹಿಂದೆ ಸರಿಯುತ್ತವೆ, ಮತ್ತೆ ಬರುತ್ತವೆ. ಗಂಟೆಗಟ್ಟಲೆ ಕಾಯಬೇಕು. ಆದರೆ ಜೊತೆಯಲ್ಲಿದ್ದವರಿಗೆ ಊಟದ ಹೊತ್ತಾಗಿತ್ತು, ಮಕ್ಕಳು ಅಳುತ್ತಿದ್ದರು. ಅವರದ್ದೇನೂ ತಪ್ಪಿಲ್ಲ, ಅವರು ಬಂದದ್ದು ಸುಮ್ನೆ ಪ್ರಾಣಿ ನೋಡಲು. ಡ್ರೈವರ್ ಗಾಡಿ ತಿರುಗಿಸಿದ. ನಾವು ಹೋದ ಮೇಲೆ ಹಿಂಡು ನದಿಗೆ ಇಳಿಯಿತು ಎಂದು ಸಂಜೆ ಕ್ಯಾಂಪ್‌ನಲ್ಲಿ ಬೇರೆ ಗಾಡಿಯವರು ಹೇಳಿದರು. ಯಾವ ದೃಶ್ಯಕ್ಕಾಗಿ ಅಷ್ಟು ದೂರ ಹೋಗಿದ್ದೆನೋ ಅದೇ ಸಿಗಲಿಲ್ಲ.

ಆದ್ದರಿಂದ ದಯವಿಟ್ಟು ಟಿಕೆಟ್ ಮಾಡುವ ಮೊದಲೇ ಬರಹದಲ್ಲಿ ಕೇಳಿ: ಯಾವ ಗಾಡಿ, ಎಷ್ಟು ಜನ, ಎಲ್ಲರೂ ಫೋಟೋಗ್ರಾಫರ್‌ಗಳೇನಾ, ಶುಲ್ಕ ಯಾವ ತಿಂಗಳ ದರದಲ್ಲಿ ಎಷ್ಟು ದಿನಕ್ಕೆ ಸೇರಿದೆ, ಕ್ಯಾಂಪ್ ಗೇಟಿನ ಒಳಗೋ ಹೊರಗೋ. ನೈರೋಬಿಯ ವಿಲ್ಸನ್ ಏರ್‌ಪೋರ್ಟ್‌ನಿಂದ ಸಣ್ಣ ವಿಮಾನದಲ್ಲಿ ಕರೆದೊಯ್ಯುತ್ತೇವೆ ಎಂದರೆ ಲಗೇಜ್ ಮಿತಿ ಕೇಳಿ. ಸಾಮಾನ್ಯವಾಗಿ ಕ್ಯಾಮೆರಾ ಬ್ಯಾಗ್ ಸೇರಿ 15 ಕೆ.ಜಿ. ಅಷ್ಟೇ. ಕಂಪನಿಗೆ ಕೀನ್ಯಾದ ಟೂರಿಸಂ ರೆಗ್ಯುಲೇಟರಿ ಅಥಾರಿಟಿಯ ಲೈಸೆನ್ಸ್ ಇದೆಯೇ ನೋಡಿ. ಯಾರದ್ದೋ ಸ್ವಂತ ಖಾತೆಗೆ ಹಣ ಕಳಿಸಬೇಡಿ. ರಜೆ ದಿನಾಂಕವನ್ನು ಕೊನೆಯಲ್ಲಿ ಹೇಳಿ.

ಇಟಿಎ, ಅಂದರೆ ಕೀನ್ಯಾಗೆ ಹೋಗಲು ಆನ್‌ಲೈನ್‌ನಲ್ಲಿ ಪಡೆಯುವ ಪ್ರವೇಶ ಅನುಮತಿಯನ್ನು ನೀವೇ ಮಾಡಿಕೊಳ್ಳಿ. 2024ರ ಜನವರಿಯಿಂದ ವೀಸಾ ಬದಲು ಇದೇ ಇರುವುದು. ಶುಲ್ಕ ಸುಮಾರು 30 ಡಾಲರ್. ಸರ್ಕಾರಿ ವೆಬ್‌ಸೈಟ್‌ನ ವಿಳಾಸ ಡಾಟ್ ಗೋ ಡಾಟ್ ಕೆಇ ಎಂದು ಮುಗಿಯುತ್ತದೆ. ಅದೇ ರೀತಿ ಕಾಣುವ ಬೇರೆ ಸೈಟುಗಳು ಸುಮ್ನೆ ಜಾಸ್ತಿ ದುಡ್ಡು ಕೀಳುತ್ತವೆ. ಅನುಮತಿ ಇಲ್ಲದೆ ಡ್ರೋನ್ ಒಯ್ಯಬೇಡಿ, ಏರ್‌ಪೋರ್ಟ್‌ನಲ್ಲೇ ಕಿತ್ತುಕೊಳ್ಳುತ್ತಾರೆ.

ಕಂಪನಿಯವರು ಹೇಳಿದ ಇನ್ನೊಂದು ಮಾತು ತುಂಬಾ ಅಪಾಯದ್ದು. ‘ಯೆಲ್ಲೋ ಫೀವರ್ ಲಸಿಕೆ ಏನೂ ಬೇಡ’ ಎಂದಿದ್ದರು. ಯೆಲ್ಲೋ ಫೀವರ್ ಎಂದರೆ ಸೊಳ್ಳೆಯಿಂದ ಹರಡುವ ಹಳದಿ ಜ್ವರ. ಆದರೆ ಕೀನ್ಯಾ ಬಿಟ್ಟು ಆರು ದಿನದೊಳಗೆ ಭಾರತಕ್ಕೆ ಬಂದರೆ ಆ ಲಸಿಕೆಯ ಸರ್ಟಿಫಿಕೇಟ್ ಇರಲೇಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ನನ್ನ ರೂಮಿನ ಹತ್ತಿರವೇ ಇರುವ, ನರ್ಸ್ ಕೆಲಸ ಮಾಡುವ ಅಕ್ಕ ಒಬ್ಬರು ಸಮಯಕ್ಕೆ ಎಚ್ಚರಿಸಿದ್ದರಿಂದ ನಾನು ಬಚಾವಾದೆ. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೆಯೇ ಸರ್ಟಿಫಿಕೇಟ್ ಊರ್ಜಿತವಾಗುತ್ತದೆ. ಹಾಗಾಗಿ ಹೊರಡುವ ವಾರದಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ರಜೆ ಮಂಜೂರಾದ ಕೂಡಲೇ ಹಾಕಿಸಿಕೊಳ್ಳಿ.