ಲಸಿಕೆಯಿಂದ ಭುಜಕ್ಕೆ ಪೆಟ್ಟು: ಅಮೆರಿಕದ ವಿಐಸಿಪಿ, ಸಿಐಸಿಪಿ ಹೋಲಿಕೆ

ಸೂಜಿ ತೋಳಿನ ಸ್ನಾಯು ಬಿಟ್ಟು ತೀರಾ ಮೇಲೆ ಚುಚ್ಚಿದರೆ ಭುಜದ ಕೀಲಿನ ಬಳಿಯ ದ್ರವಚೀಲ ಊದಿಕೊಳ್ಳಬಹುದು; ತಿಂಗಳುಗಟ್ಟಲೆ ಕೈ ಎತ್ತಿ ಅಂಗಿ ತೊಡುವುದೂ ಕಷ್ಟ. ಪರಿಹಾರಕ್ಕೆ ಅಮೆರಿಕದಲ್ಲಿ ಎರಡು ಯೋಜನೆಗಳಿವೆ. ಯಾವುದು ಎಂಬುದು ಲಸಿಕೆಯ ಮೇಲೆ ನಿಂತಿದೆ: ಫ್ಲೂ, ಟೆಟನಸ್, ಹೆಪಟೈಟಿಸ್ ಬಿ ಆದರೆ ವಿಐಸಿಪಿ (ಲಸಿಕೆ ಹಾನಿಗೆ ರಾಷ್ಟ್ರೀಯ ಪರಿಹಾರ ಯೋಜನೆ), ಕೋವಿಡ್ ಆದರೆ ಸಿಐಸಿಪಿ (ತುರ್ತು ಆರೋಗ್ಯ ಕ್ರಮಗಳಿಂದಾದ ಹಾನಿಗೆ ಪರಿಹಾರ ಯೋಜನೆ).

ವಿಐಸಿಪಿ ಎಷ್ಟೋ ಉದಾರ. ಭುಜದ ಗಾಯ 2017ರಿಂದ ಅದರ ಪಟ್ಟಿಯಲ್ಲೇ ಇದೆ; ಅಂದರೆ ಷರತ್ತು ಪೂರೈಸಿದರೆ ಗಾಯ ಲಸಿಕೆಯಿಂದಲೇ ಆಯಿತೆಂದು ಭಾವಿಸಲಾಗುತ್ತದೆ. ಷರತ್ತುಗಳು: ಅದೇ ಭುಜದಲ್ಲಿ ಹಿಂದೆ ತೊಂದರೆ ಇರಬಾರದು, ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ಲಸಿಕೆ ಹಾಕಿದ ಭುಜಕ್ಕಷ್ಟೇ ಸೀಮಿತವಾಗಿರಬೇಕು, ಬೇರೆ ಕಾರಣ ಕಾಣಬಾರದು. ತೊಂದರೆ 6 ತಿಂಗಳಿಗಿಂತ ಹೆಚ್ಚು ಕಾಡಿರಬೇಕು, ಇಲ್ಲವೇ ಆಸ್ಪತ್ರೆ ಸೇರಿ ಶಸ್ತ್ರಚಿಕಿತ್ಸೆ ಆಗಿರಬೇಕು. ಮೊದಲ ಲಕ್ಷಣದಿಂದ 3 ವರ್ಷದೊಳಗೆ ಫೆಡರಲ್ ಕ್ಲೇಮ್ಸ್ ಕೋರ್ಟಿಗೆ (ಕೇಂದ್ರ ಸರ್ಕಾರದ ಮೇಲಿನ ಹಣದ ದಾವೆಗಳ ನ್ಯಾಯಾಲಯ) ಅರ್ಜಿ ಹಾಕಬೇಕು. ನೋವಿಗೆ 2,50,000 ಡಾಲರ್‌ವರೆಗೆ ಸಿಗಬಹುದು. ಅರ್ಜಿಗೆ ನ್ಯಾಯವಾದ ಆಧಾರವಿದ್ದರೆ ಸೋತರೂ ವಕೀಲರ ಶುಲ್ಕ ಯೋಜನೆಯದೇ. ನಾಗರಿಕತ್ವ ಬೇಕಿಲ್ಲ, ವೀಸಾದ ಮೇಲೆ ಅಲ್ಲಿರುವ ಕನ್ನಡಿಗರೂ ಹಾಕಬಹುದು.

ಸಿಐಸಿಪಿಯಲ್ಲಿ ಲಸಿಕೆ ಹಾಕಿದ ದಿನದಿಂದ 1 ವರ್ಷವಷ್ಟೇ ಗಡುವು. ಕೋರ್ಟಿಲ್ಲ, ನೋವಿಗೆ ಹಣವಿಲ್ಲ, ವಕೀಲರ ಖರ್ಚು ನಿಮ್ಮದೇ. ವಿಮೆ ಕೊಡದೆ ಉಳಿದ ಚಿಕಿತ್ಸಾ ವೆಚ್ಚ, ಕಳೆದ ಸಂಬಳ ಮಾತ್ರ.

ಫ್ಲೂ, ಕೋವಿಡ್ ಎರಡೂ ಲಸಿಕೆ ಒಂದೇ ದಿನ ಹಾಕಿಸಿಕೊಂಡಿದ್ದರೆ ಯಾವುದು ಯಾವ ತೋಳಿಗೆ ಎಂಬ ದಾಖಲೆಯೇ ನಿರ್ಣಾಯಕ. ಫಾರ್ಮಸಿಯ ಚೀಟಿಯಲ್ಲಿ ಎಡ, ಬಲ ಅದಲುಬದಲಾಗಿರುವುದೂ ಉಂಟು, ನೋಡಿಕೊಳ್ಳಿ. ವೈದ್ಯರ ಮೊದಲ ಭೇಟಿಯಲ್ಲೇ ನೋವು ಶುರುವಾದ ದಿನಾಂಕ ಬರೆಸಿ. 'ಕೆಲವು ವಾರಗಳಿಂದ' ಎಂದಿದ್ದರೆ 48 ಗಂಟೆ ಸಾಬೀತು ಮಾಡುವುದು ಕಷ್ಟ.