ಐದು ಖಾನೆಯ ಬೆಂಟೋ ಡಬ್ಬಿ: ಒಂದೂವರೆ ವರ್ಷ ಬುತ್ತಿ ಕಟ್ಟಿದ ಮೇಲೆ

ನಮ್ಮದು ದಾವಣಗೆರೆ. ಮಗಳು ಎರಡನೇ ಕ್ಲಾಸು. ಬೆಂಟೋ ಅಂದರೆ ಜಪಾನಿನವರು ಖಾನೆ ಖಾನೆಯಾಗಿ ಊಟ ತುಂಬಿ ಕಟ್ಟೋ ಡಬ್ಬಿ. ಈ ಡಬ್ಬಿ ಮನೆಗೆ ಬಂದು ಒಂದೂವರೆ ವರ್ಷ ಆಯಿತು. ರಜಾ ದಿನ ಬಿಟ್ಟರೆ ದಿನಾ ಬಳಸಿದ್ದೇನೆ. ಕೊಂಡ ವಾರದಲ್ಲೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಆರು ತಿಂಗಳಿಗೆ ಬರೆದಿದ್ದರೆ ಎರಡು. ಈಗ ಸಿಟ್ಟು ಇಳಿದಿದೆ, ಮೂರೂವರೆ.

ಕೊಟ್ಟಿದ್ದು 1,249 ರೂಪಾಯಿ. ಒಳಗಡೆ ಐದು ಖಾನೆಯ ಸ್ಟೀಲ್ ತಟ್ಟೆ, ಒಟ್ಟು 750 ಮಿಲಿ. ಮೇಲೆ ಪ್ಲಾಸ್ಟಿಕ್ ಮುಚ್ಚಳ, ಅದರ ಒಳಗೆ ಸಿಲಿಕಾನ್ ರಿಂಗ್, ಎರಡು ಕಡೆ ಕ್ಲಿಪ್. ಜೊತೆಗೆ ತರಕಾರಿ ಕತ್ತರಿಸೋ ಎಂಟು ಅಚ್ಚು, ಅನ್ನಕ್ಕೆ ಮೊಲ ಮತ್ತು ಕರಡಿ ಅಚ್ಚು, ಕಣ್ಣಿನಂತೆ ಕಾಣೋ ಪ್ಲಾಸ್ಟಿಕ್ ಕಡ್ಡಿಗಳು. ಸ್ಟೀಲು 304 ಅಂತ ಬರೆದಿತ್ತು, ಅಂದರೆ ಸುಮಾರು 18 ಪರ್ಸೆಂಟ್ ಕ್ರೋಮಿಯಂ, 8 ಪರ್ಸೆಂಟ್ ನಿಕ್ಕಲ್. ನಮ್ಮ ಮನೆಯವರು ಫ್ರಿಜ್ಜಿನ ಆಯಸ್ಕಾಂತ ಹಿಡಿದು ನೋಡಿ "ಅಂಟಲ್ಲ, ಒರಿಜಿನಲ್ಲೇ" ಅಂದರು. ಅಗ್ಗದ 200 ಸರಣಿಯ ಸ್ಟೀಲಿಗೂ ಆಯಸ್ಕಾಂತ ಅಂಟೋದಿಲ್ಲ ಅಂತ ಆಮೇಲೆ ಓದಿದೆ. ಅವರಿಗೆ ಹೇಳಲಿಲ್ಲ. ಏನೇ ಇರಲಿ, ಇಷ್ಟು ದಿನ ನಿಂಬೆಹುಳಿ, ಉಪ್ಪಿನಕಾಯಿ ಎಲ್ಲ ಬಿದ್ದರೂ ತಟ್ಟೆಯಲ್ಲಿ ಒಂದು ಕಲೆ ಇಲ್ಲ. ಸ್ಟೀಲಿನ ಮಟ್ಟಿಗೆ ಯಾವ ತಕರಾರೂ ಇಲ್ಲ.

ಮೊದಲ ದಿನ ಮೊಲ ಮಾಡಿದೆ. ಬೆಳಿಗ್ಗೆ ಐದೂವರೆಗೇ ಎದ್ದು, ಅನ್ನ ಮಾಡಿ, ಅಚ್ಚಿಗೆ ಒತ್ತಿ ಕವುಚಿದೆ. ಒಂದು ಕಿವಿ ಅಚ್ಚಿನಲ್ಲೇ ಉಳಿಯಿತು, ಮುಖ ಉದುರಿ ಚಿತ್ರಾನ್ನದ ಹಾಗೆ ಹರಡಿಕೊಂಡಿತು. ತಪ್ಪು ಅಚ್ಚಿನದ್ದಲ್ಲ. ಜಪಾನಿನವರ ಅಕ್ಕಿ ಗಿಡ್ಡ, ಅದರಲ್ಲಿ ಅಮೈಲೋಸ್ ಅನ್ನೋ ಪಿಷ್ಟ ಕಮ್ಮಿ, ಹಾಗಾಗಿ ಅಂಟುತ್ತದೆ. ನಮ್ಮ ಸೋನಾ ಮಸೂರಿಯಲ್ಲಿ ಅದು ಜಾಸ್ತಿ. ನಾವು ಉದುರುದುರಾಗಿ ಆಗಲಿ ಅಂತಲೇ ಅನ್ನ ಮಾಡೋದು, ಅಲ್ವಾ? ಆಮೇಲೆ ದಾರಿ ಸಿಕ್ಕಿತು. ಲೋಟ ಅಕ್ಕಿಗೆ ಮೂರು ಲೋಟ ನೀರಿಟ್ಟು ಮೆತ್ತಗೆ ಬೇಯಿಸಿ, ನೆನೆಸಿದ ತೆಳು ಅವಲಕ್ಕಿ ಎರಡು ಚಮಚ ಸೇರಿಸಿ, ಬಿಸಿ ಇರುವಾಗಲೇ ಸೌಟಿನ ಹಿಂಬದಿಯಿಂದ ಅರೆದರೆ ಮೊಲ ನಿಲ್ಲುತ್ತದೆ. ಅಚ್ಚಿಗೆ ನೀರು ಸವರಬೇಕು, ಎಣ್ಣೆ ಅಲ್ಲ.

ಮೊಲ ನಿಂತಿತು. ಬೀಟ್‌ರೂಟ್ ನೀರಲ್ಲಿ ಕಿವಿಗೆ ಗುಲಾಬಿ ಬಣ್ಣ, ಕಣ್ಣಿಗೆ ಎರಡು ಕಾಳುಮೆಣಸು. ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಸಂಜೆ ಡಬ್ಬಿ ತೆಗೆದರೆ ಪಲ್ಯ ಖಾಲಿ, ಹಣ್ಣು ಖಾಲಿ, ಮೊಲ ಮಾತ್ರ ಹಾಗೇ ಕೂತಿದೆ. ಕಿವಿಯ ಬಣ್ಣ ಇಳಿದು ಕೆನ್ನೆಗೆ ಬಂದಿತ್ತು.

"ಯಾಕೆ ತಿನ್ನಲಿಲ್ಲ?"

"ಅದು ನನ್ನೇ ನೋಡ್ತಿತ್ತಮ್ಮಾ."

ಅತ್ತೆ ಅಲ್ಲೇ ಕೂತು ಸೊಪ್ಪು ಸೋಸುತ್ತಿದ್ದರು. "ಅನ್ನಕ್ಕೆ ಕಣ್ಣು ಮೂಗು ಯಾಕ್ ಬೇಕವ್ವಾ? ಕಣ್ಣಿಟ್ಟ ಮೇಲೆ ಅದು ನೋಡದೆ ಬಿಡ್ತದಾ?" ಅಂದರು. ಅದಾದ ಮೇಲೆ ಪ್ರಾಣಿಗಳನ್ನು ಕೈಬಿಟ್ಟೆ. ನಕ್ಷತ್ರ, ಹೂವು ಮಾತ್ರ. ಅವುಗಳನ್ನು ಮರುಮಾತಿಲ್ಲದೆ ತಿನ್ನುತ್ತಾಳೆ.

ಎಂಟು ಅಚ್ಚಿನಲ್ಲಿ ಕೆಲಸಕ್ಕೆ ಬಂದದ್ದು ಮೂರೇ: ಚಿಕ್ಕ ಹೂವು, ಚಿಕ್ಕ ನಕ್ಷತ್ರ, ಹೃದಯ. ದೊಡ್ಡವು ಊಟಿ ಕ್ಯಾರೆಟ್ಟಿನ ದಪ್ಪ ತುದಿಗೆ ಮಾತ್ರ ಆಗುತ್ತವೆ, ತೆಳ್ಳಗಿನ ಕ್ಯಾರೆಟ್ಟಿಗೆ ಅಚ್ಚೇ ದೊಡ್ಡದು. ಒತ್ತುವಾಗ ಅಂಗೈಗೆ ಚುಚ್ಚುತ್ತದೆ, ಮೇಲೊಂದು ಬಟ್ಟೆ ಇಟ್ಟುಕೊಳ್ಳಿ. ಕತ್ತರಿಸಿ ಉಳಿದ ಚೂರು ಅವತ್ತಿನ ಉಪ್ಪಿಟ್ಟಿಗೆ. ಒಂದು ತಿಂಗಳು ನಮ್ಮನೆ ಉಪ್ಪಿಟ್ಟಿನಲ್ಲಿ ಬರೀ ನಕ್ಷತ್ರದ ತೂತಿರೋ ಕ್ಯಾರೆಟ್ ಸಿಗುತ್ತಿತ್ತು.

ಶುರುವಿನಲ್ಲಿ ಜಪಾನಿನ ಬೆಂಟೋ ವಿಡಿಯೋಗಳನ್ನು ನೋಡಿಯೇ ಮಾಡುತ್ತಿದ್ದೆ. ಸಸ್ಯಾಹಾರಿಗಳಿಗೆ ಅಲ್ಲಿ ಕಾಲಿಡೋಕೆ ಜಾಗ ಕಮ್ಮಿ. ಹಳದಿ ಬಣ್ಣಕ್ಕೆ ಮೊಟ್ಟೆ ಸುರುಳಿ. ಅನ್ನದ ಮೇಲೆ ಉದುರಿಸೋ ಪುಡಿಯಲ್ಲಿ ಒಣಮೀನು. ತರಕಾರಿ ಬೇಯಿಸೋ ದಾಶಿ ಅನ್ನೋ ಸಾರಿಗೂ ಹೆಚ್ಚಾಗಿ ಮೀನೇ. ಕಣ್ಣು, ಬಾಯಿ ಕತ್ತರಿಸೋ ಕಪ್ಪು ಹಾಳೆ ನೋರಿ ಮಾತ್ರ ಕಡಲ ಪಾಚಿ, ಅದು ನಡೆಯುತ್ತದೆ, ಆದರೆ ದುಬಾರಿ. ನಾನು ಮೊಟ್ಟೆ ಜಾಗಕ್ಕೆ ಕಡ್ಲೆಹಿಟ್ಟಿನ ದೋಸೆ ಸುತ್ತಿ ಕತ್ತರಿಸಿ ಇಡುತ್ತೇನೆ, ನೋಡೋಕೆ ಅದೇ ಥರ. ಪುಡಿ ಜಾಗಕ್ಕೆ ಗುರೆಳ್ಳು ಚಟ್ನಿಪುಡಿ. ಕಪ್ಪಗಿದೆ, ಘಮ ಇದೆ, ಅನ್ನದ ಬಿಳಿ ಮೇಲೆ ಚೆನ್ನಾಗಿ ಕಾಣುತ್ತದೆ.

ಬಣ್ಣದ ಹುಚ್ಚು ಮಾತ್ರ ಇನ್ನೂ ಬಿಟ್ಟಿಲ್ಲ. ಹಿತ್ತಲಲ್ಲಿ ಶಂಖಪುಷ್ಪ ಇದೆ. ನಾಲ್ಕು ಹೂವು ಬಿಸಿನೀರಿಗೆ ಹಾಕಿ ಆ ನೀರಲ್ಲಿ ಅನ್ನ ಕಲಸಿದರೆ ನೀಲಿ. ನಿಂಬೆರಸ ಹಿಂಡಿದರೆ ಕಣ್ಣೆದುರೇ ನೇರಳೆ ಆಗುತ್ತದೆ. ಮಗಳು ಅದನ್ನು ನೋಡೋಕಂತಲೇ ಅಡುಗೆಮನೆಗೆ ಬರುತ್ತಾಳೆ.

ಈಗ ಮುಖ್ಯ ವಿಷಯ. ಈ ಡಬ್ಬಿ ಅನ್ನ-ಸಾರಿನ ಡಬ್ಬಿ ಅಲ್ಲ. ಜಾಹೀರಾತಿನಲ್ಲಿ 'ಸೋರುವುದೇ ಇಲ್ಲ' ಅಂತ ಹಾಕಿದ್ದರು. ಹೊರಗೆ ಸೋರಿಲ್ಲ ನಿಜ, ಕಡೇಪಕ್ಷ ಮೊದಲ ವರ್ಷ. ಆದರೆ ಖಾನೆಯಿಂದ ಖಾನೆಗೆ ಹರಿಯುತ್ತದೆ. ಆಟೋದಲ್ಲಿ ಬ್ಯಾಗ್ ಓರೆಯಾದರೆ ಮುಗಿಯಿತು. ಸಾಂಬಾರ್ ಹಾಕಿದ ದಿನ ದಾಳಿಂಬೆ ಕಾಳು ಸಾಂಬಾರಲ್ಲಿ ತೇಲುತ್ತಿತ್ತು. ಮಂಡಕ್ಕಿ ಇಟ್ಟರೂ ಅಷ್ಟೇ. ದಾವಣಗೆರೆಯವಳಾಗಿ ಮಂಡಕ್ಕಿ ಇಡದೆ ಹೇಗೆ ಅಂತ ಖಾರಮಂಡಕ್ಕಿ ಒಂದು ಖಾನೆಗೆ ತುಂಬಿದ್ದೆ. ಪಕ್ಕದ ಅನ್ನದ ಹಬೆ ಕುಡಿದು ಮಧ್ಯಾಹ್ನಕ್ಕೆ ಒದ್ದೆ ಹತ್ತಿ ಆಗಿತ್ತು. ಬೆಣ್ಣೆದೋಸೆಯನ್ನಂತೂ ಇಡಲೇಬೇಡಿ. ಆರಿದ ಬೆಣ್ಣೆದೋಸೆ ಚಪ್ಪಲಿ ಅಟ್ಟೆ, ಮೇಲೆ ಬಿಳೀ ಬೆಣ್ಣೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಹಂಚಿನಿಂದ ಎಲೆಗೆ ಬಿದ್ದ ಗಳಿಗೆಯಲ್ಲೇ ತಿನ್ನಬೇಕು.

ಎರಡು ಸ್ಟಾರಿನ ಸಿಟ್ಟು ಬಂದಿದ್ದು ಆಗಲೇ. ಇಳಿಸಿದ್ದು ಅತ್ತೆ. ಒಂದು ದಿನ ನನಗೆ ಜ್ವರ, ಅವರೇ ಡಬ್ಬಿ ಕಟ್ಟಿದರು. ಮೆತ್ತನೆ ಜೋಳದ ರೊಟ್ಟಿ ನಾಲ್ಕು ಮಡಿಕೆ ಮಾಡಿ ದೊಡ್ಡ ಖಾನೆಗೆ. ಗಟ್ಟಿ ಹೆಸರುಕಾಳು ಪಲ್ಯ ಒಂದಕ್ಕೆ. ಶೇಂಗಾ ಚಟ್ನಿಪುಡಿ ತುಪ್ಪದಲ್ಲಿ ಕಲಸಿ ಒಂದಕ್ಕೆ. ಸೌತೆಕಾಯಿ, ಬೆಲ್ಲದ ಚೂರು. ಸಂಜೆ ಡಬ್ಬಿ ನೆಕ್ಕಿದ ಹಾಗೆ ಖಾಲಿ. "ಇದು ಬುತ್ತಿ ಅಲ್ವೇನವ್ವಾ, ಹೊಲಕ್ಕೆ ನಾವು ಬಟ್ಟೆಯಲ್ಲಿ ಕಟ್ಕೊಂಡು ಹೋಗ್ತಿದ್ವಿ. ಬುತ್ತಿಗೆ ಯಾರಾದ್ರೂ ಸಾರು ಕಟ್ತಾರಾ?" ಅಂದರು. ನನಗೆ ತಲೆಗೆ ಹೋಗಿದ್ದು ಆಗ. ಜಪಾನಿನಲ್ಲೂ ಹಿಂದೆ ಪ್ರಯಾಣಕ್ಕೆ ಬೇಯಿಸಿ ಒಣಗಿಸಿದ ಅನ್ನ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಅದೂ ಬುತ್ತಿಯೇ. ಅಲ್ಲಿನವರು ಮೇಲೋಗರದ ನೀರು ಬತ್ತಿಸಿ, ಆರಿಸಿ, ಸಂದಿ ಇಲ್ಲದ ಹಾಗೆ ಒತ್ತಿ ತುಂಬುತ್ತಾರೆ, ಅಲ್ಲಾಡದಿರಲಿ ಅಂತ. ನಾನು ಅದೊಂದನ್ನು ಬಿಟ್ಟು ಮೊಲದ ಕಿವಿ ಮಾತ್ರ ಕಲಿತಿದ್ದೆ.

ಅವತ್ತಿನಿಂದ ನನ್ನ ಪಲ್ಯವೇ ಬದಲಾಯಿತು. ಎಣ್ಣೆಗಾಯಿ ಗೊಜ್ಜು ಬತ್ತಿಸಿ ಗಟ್ಟಿ ಮಾಡುತ್ತೇನೆ. ಹೆಚ್ಚು ಸಲ ಹೋಗೋದು ಪಡ್ಡು. ಪಡ್ಡಿನಷ್ಟು ಈ ಡಬ್ಬಿಗೆ ಒಪ್ಪೋ ತಿಂಡಿ ಬೇರೆ ಇಲ್ಲ. ಅಚ್ಚು ಬೇಡ, ತಾನೇ ಗುಂಡಗಿರುತ್ತದೆ. ದೊಡ್ಡ ಖಾನೆಯಲ್ಲಿ ಆರು ಪಡ್ಡು ಒತ್ತೊತ್ತಾಗಿ ಕೂತರೆ ಮುಚ್ಚಳ ಸರಿಯಾಗಿ ಬೀಳುತ್ತದೆ. ಒಂದರಲ್ಲಿ ಪಾಲಕ್, ಒಂದರಲ್ಲಿ ಬೀಟ್‌ರೂಟ್, ಉಳಿದವು ಬಿಳಿ. ಚಟ್ನಿ ಗಟ್ಟಿಯಾಗಿ ರುಬ್ಬಿ. ಮಧ್ಯೆ ಅಡ್ಡಕ್ಕೆ ಬಾಳೆ ಎಲೆ ತುಂಡು.

ಅಳತೆಗೂ ಜಪಾನಿನಲ್ಲೊಂದು ರೂಢಿ ಲೆಕ್ಕ ಇದೆ. ಡಬ್ಬಿ ಎಷ್ಟು ಮಿಲಿಯೋ ಹೆಚ್ಚೂಕಡಿಮೆ ಅಷ್ಟೇ ಕ್ಯಾಲೊರಿ. ಮೂರು ಪಾಲು ಅನ್ನ, ಒಂದು ಪಾಲು ಬೇಳೆ-ಕಾಳಿನಂಥದ್ದು, ಎರಡು ಪಾಲು ತರಕಾರಿ. ನಮ್ಮ ಮಗಳಿಗೆ 750 ಮಿಲಿ ಜಾಸ್ತಿಯೇ, ಒಂದು ಖಾನೆ ಹಣ್ಣಿಗೆ ಬಿಟ್ಟಿದ್ದೇನೆ.

ಬೇಸಿಗೆಗೆ ಬರೋಣ. ಮಾರ್ಚಿ ಬಂತು ಅಂದರೆ ನಮ್ಮೂರಿನ ಬಿಸಿಲು ಗೊತ್ತಲ್ಲ. ಈ ಡಬ್ಬಿ ಬಿಸಿ-ತಣ್ಣಗೆ ಕಾಪಾಡೋದಲ್ಲ, ಒಂದೇ ಪದರ. ಬಿಸಿ ಅನ್ನ ಹಾಕಿ ಮುಚ್ಚಿದರೆ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತದೆ. ಅಷ್ಟೇ ಆಗಿದ್ದರೆ ಸರಿ. ಅನ್ನದಲ್ಲಿರೋ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಸಾಯೋದಿಲ್ಲ. ಬೆಚ್ಚಗೆ ಮುಚ್ಚಿಟ್ಟರೆ ಹೊಟ್ಟೆ ಕೆಡಿಸುತ್ತದೆ. ನಾನು ತಟ್ಟೆಯನ್ನು ಫ್ಯಾನ್ ಕೆಳಗೆ ಹತ್ತು ಹದಿನೈದು ನಿಮಿಷ ಇಟ್ಟು ಆಮೇಲೆ ಮುಚ್ಚುತ್ತೇನೆ. ಮಾರ್ಚಿಯಲ್ಲಿ ಅನ್ನದ ಸಹವಾಸವೇ ಬೇಡ, ರೊಟ್ಟಿ, ಚಟ್ನಿಪುಡಿ.

ಕೆಟ್ಟಿದ್ದು ಏನೇನು? ಮೊದಲು ಸಿಲಿಕಾನ್ ರಿಂಗ್. ಮೂರೇ ತಿಂಗಳಿಗೆ ಅರಿಶಿನ ಹಿಡಿದು ಹಳದಿ, ಎಂಟಕ್ಕೆ ಮೂಲೆಯಲ್ಲಿ ಕಪ್ಪು ಚುಕ್ಕೆ. ಹೇರ್‌ಪಿನ್ನಿನ ಹಿಂಬದಿಯಿಂದ ಎಬ್ಬಿಸಿ ವಾರಕ್ಕೊಮ್ಮೆ ತೊಳೆಯಬೇಕು ಅಂತ ಯಾರೂ ಹೇಳಿರಲಿಲ್ಲ. ಬೆಳ್ಳುಳ್ಳಿ ವಾಸನೆ ಇವತ್ತಿಗೂ ಇದೆ. ವರ್ಷ ಕಳೆದ ಮೇಲೆ ರಿಂಗ್ ಹಿಗ್ಗಿತು, ಕೂರಿಸಿದರೆ ಒಂದು ಕಡೆ ಎದ್ದು ನಿಲ್ಲುತ್ತದೆ. ಹದಿನಾಲ್ಕನೇ ತಿಂಗಳಿಗೆ ಎಡಗಡೆ ಕ್ಲಿಪ್ ಮುರಿಯಿತು.

ಕಂಪನಿಗೆ ಎರಡು ಸಲ ಬರೆದೆ. ಫೋಟೋ ಕೇಳಿದರು, ಕಳಿಸಿದೆ. ಬಿಲ್ ಕೇಳಿದರು, ಕಳಿಸಿದೆ. ಹತ್ತೊಂಬತ್ತು ದಿನ ಆದ ಮೇಲೆ 'ಬಿಡಿ ಭಾಗ ಮಾರುವುದಿಲ್ಲ, ಹೊಸ ಡಬ್ಬಿಗೆ 10 ಪರ್ಸೆಂಟ್ ರಿಯಾಯಿತಿ' ಅಂತ ಬಂತು. ಚೌಕಿಪೇಟೆಯಲ್ಲಿ ಪಾತ್ರೆ ಅಂಗಡಿಯವರಿಗೆ ತೋರಿಸಿದೆ. ಅವರು ಡಬ್ಬಿ ತಿರುಗಿಸಿ ತಿರುಗಿಸಿ ನೋಡಿ, "ಕುಕ್ಕರ್ ಗ್ಯಾಸ್ಕೆಟ್ ಆದ್ರೆ ಕೊಡಬಹುದಿತ್ತಕ್ಕಾ, ಇದು ಚೌಕ" ಅಂದರು.

ಈಗ ಕ್ಲಿಪ್ ಜಾಗಕ್ಕೆ ಎಲಾಸ್ಟಿಕ್ ಪಟ್ಟಿ. ಅಗಲದ್ದು ಮೀಟರ್ ತಂದು ನಾನೇ ಹೊಲಿದೆ. ತಮಾಷೆ ಅಂದರೆ ಜಪಾನಿನಲ್ಲಿ ಬೆಂಟೋ ಬ್ಯಾಂಡ್ ಅಂತ ಇದನ್ನೇ ಬೇರೆ ಮಾರುತ್ತಾರೆ. ಮಗಳಿಗೆ ಕ್ಲಿಪ್ಪಿಗಿಂತ ಇದೇ ಇಷ್ಟ, ಕ್ಲಿಪ್ ತೆಗೆಯುವಾಗ ಉಗುರಿಗೆ ನೋವಾಗುತ್ತಿತ್ತಂತೆ.

ನಮ್ಮ ಮನೆಯವರು ತಮಗೂ ಒಂದು ಬೇಕು ಅಂತಿದ್ದಾರೆ, ಕಡ್ಡಿ ಅಚ್ಚು ಏನೂ ಬೇಡ ಅಂತ ಷರತ್ತು. ಇದೇ ಡಬ್ಬಿಯನ್ನು ಮತ್ತೆ ತರೋದಿಲ್ಲ. ತಟ್ಟೆ ಇದೇ ಥರ ಇದ್ದು, ಮುಚ್ಚಳವೂ ಸ್ಟೀಲೇ ಇರೋದು ಹುಡುಕುತ್ತಿದ್ದೇನೆ. ನೀವು ಕೊಳ್ಳೋದಾದರೆ ರಿಂಗ್ ಬಿಡಿಯಾಗಿ ಸಿಗುತ್ತಾ ಅಂತ ಮೊದಲೇ ಕೇಳಿ. ನಾನು ಅಚ್ಚು ಎಷ್ಟು ಬರುತ್ತೆ ಅಂತ ಮಾತ್ರ ಕೇಳಿದ್ದೆ.