ಇಟಾಲಿಯನ್ ಪದಗಳ ಆ್ಯಪ್: ದನಿಗೆ ದುಡ್ಡು ಕೊಡಬಹುದು, ಉದಾಹರಣೆಗಳಿಗಲ್ಲ (3 ಸ್ಟಾರ್)

ಟ್ಯೂರಿನ್‌ಗೆ ಓದಲು ಬಂದಾಗಿನಿಂದ ದಿನಕ್ಕೊಂದು ಪದ ಕಲಿಸುವ ಈ ಆ್ಯಪ್ ಬಳಸುತ್ತಿದ್ದೇನೆ, ವರ್ಷದ ಮೇಲಾಯಿತು. ಬೆಳಿಗ್ಗೆ ಟ್ರಾಮ್‌ನಲ್ಲಿ ಕೂತು ಇಯರ್‌ಫೋನ್ ಹಾಕಿಕೊಂಡರೆ ಮೊದಲು ನಿಧಾನದ ಉಚ್ಚಾರ, ಆಮೇಲೆ ಮಾಮೂಲಿ ವೇಗ, ಕೊನೆಗೆ ಯಾರಿಗೂ ಕೇಳಿಸದ ಹಾಗೆ ನನ್ನ ಸರದಿ. ಆ ಹೆಂಗಸಿನ ದನಿ ಎಷ್ಟು ಸ್ಪಷ್ಟ! ಹೋರಿಗೆ ‘ತೋರೊ’ ಎಂದು ಕಲಿಸಿದ ದಿನ, ಗೋಪುರದ ‘ತೊರ್ರೆ’ಯನ್ನೂ ಜೊತೆಗೇ ಕೇಳಿಸಿದರು. ಮೊದಲನೆಯದರಲ್ಲಿ ರಕಾರ ಒಂಟಿ, ಎರಡನೆಯದರಲ್ಲಿ ಜೋಡಿ. ಒತ್ತಕ್ಷರ ಆಡಿ ಬೆಳೆದ ನಮಗೆ ಈ ವ್ಯತ್ಯಾಸ ಒಂದೇ ಸಲಕ್ಕೆ ಹಿಡಿತಕ್ಕೆ ಬರುತ್ತದೆ. ಅವತ್ತು ಇಡೀ ದಿನ ಖುಷಿಯಾಗಿದ್ದೆ.

ಬೇಸರ ಇರುವುದು ಉದಾಹರಣೆಗಳಲ್ಲಿ. ‘ಹೋರಿ ಹುಲ್ಲು ತಿನ್ನುತ್ತದೆ’, ‘ಹೋರಿ ದೊಡ್ಡದು’, ಮುಗಿಯಿತು. ಟ್ಯೂರಿನ್‌ನಲ್ಲಿ ಈ ಪದ ಬೀದಿಬೀದಿಯಲ್ಲಿದೆ! ‘ಇಲ್ ತೋರೊ’ ಅಂದರೆ ಇಲ್ಲಿನವರಿಗೆ ಮೊದಲು ನೆನಪಾಗುವುದು 1906ರಲ್ಲಿ ಹುಟ್ಟಿದ ತಮ್ಮ ಫುಟ್‌ಬಾಲ್ ತಂಡ. ‘ಸೊನೊ ದೆಲ್ ತೋರೊ’ ಎಂದರೆ ಆ ತಂಡದ ಅಭಿಮಾನಿ ಅಂತಲೂ ಆಗಬಹುದು, ವೃಷಭ ರಾಶಿಯವನು ಅಂತಲೂ ಆಗಬಹುದು. ಮಾತಿನ ಸಂದರ್ಭ ನೋಡಿ ತಿಳಿಯಬೇಕು. ನಾನು ಬಾಟಲಿ ತುಂಬಿಸಿಕೊಳ್ಳುವ ಹಸಿರು ನಲ್ಲಿಯಲ್ಲಿ ನೀರು ಸುರಿಯುವುದು ಹೋರಿಯ ಬಾಯಿಂದಲೇ. ಅದಕ್ಕೆ ಇಲ್ಲಿನ ಪಿಯೆಮಾಂಟೀಸ್ ಭಾಷೆಯಲ್ಲಿ ‘ತುರೆತ್’, ಪುಟ್ಟ ಹೋರಿ, ಎನ್ನುತ್ತಾರೆ. ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಚರ್ಚೆ ಎಳೆದಾಡಿದಾಗ ಗೆಳತಿ ‘ತಲ್ಯಾಮೊ ಲಾ ತೆಸ್ತಾ ಅಲ್ ತೋರೊ’ ಎಂದಳು. ಹೋರಿಯ ತಲೆ ಕಡಿಯೋಣ, ಅಂದರೆ ಇನ್ನು ಎಳೆಯುವುದು ಬೇಡ, ಈಗಲೇ ತೀರ್ಮಾನ ಮಾಡಿಬಿಡೋಣ. ಇದರಲ್ಲಿ ಒಂದನ್ನೂ ಆ್ಯಪ್ ಹೇಳಿಕೊಟ್ಟಿರಲಿಲ್ಲ.

ನುಡಿಗಟ್ಟುಗಳ ವಿಭಾಗ ಇದೆಯಂತೆ, ಅದಕ್ಕೆ ಬೇರೆ ದುಡ್ಡು. ಸ್ಕಾಲರ್‌ಶಿಪ್‌ನಲ್ಲಿ ಬಾಡಿಗೆ, ಊಟ ಕಳೆದು ಉಳಿಯುವುದರಲ್ಲಿ ಮೂಲ ಚಂದಾ ಕಟ್ಟುವುದೇ ನನಗೆ ಹೆಚ್ಚು. ಪದ ಕಲಿಸಲು ಹಣ ಪಡೆದ ಮೇಲೆ ಅದನ್ನು ಬಳಸುವ ಬಗೆಗೂ ಮತ್ತೆ ಹಣ ಕೇಳುವುದು ನ್ಯಾಯವಲ್ಲ.

ಆದರೂ ಚಂದಾ ಮುಂದುವರಿಸುತ್ತೇನೆ, ಆ ದನಿಗಾಗಿ. ಬಳಕೆಯನ್ನು ಗೆಳತಿಯರಿಂದ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಆ್ಯಪ್‌ನ ಎತ್ತಿನ ಪುಟದಲ್ಲಿ ‘ಬುಎ’ ಎಂಬ ಏಕವಚನ ಮಾತ್ರ ಇದೆ, ‘ಬುವೊಯಿ’ ಎಂಬ ವಿಚಿತ್ರ ಬಹುವಚನವೇ ಇಲ್ಲ. ಸೇರಿಸಿ ಎಂದು ಕಂಪನಿಗೆ ಬರೆದಿದ್ದೇನೆ. ಸೇರಿಸಿದರೆ ಇನ್ನೊಂದು ಸ್ಟಾರ್ ಕೊಡುತ್ತೇನೆ.